ಕ್ಯಾನ್ಸರ್ ಕರುಳು ದಾಟಿದೆಯಾ? ಪುಟ್ಟ ಆರ್‌ಎನ್‌ಎಗಳು ಎಷ್ಟು ಹೇಳಬಲ್ಲವು

ಕ್ಯಾಮೆರಾ ಇರುವ ಕೊಳವೆಯನ್ನು ಒಳಗೆ ಬಿಟ್ಟು ಕೊಲೊನೋಸ್ಕೋಪಿ ಮಾಡುವಾಗ ದೊಡ್ಡ ಕರುಳಿನೊಳಗೆ ಒಂದು ಪಾಲಿಪ್, ಅಂದರೆ ಒಳಗೋಡೆಯಲ್ಲಿ ಬೆಳೆದ ಗಂಟು, ಕಾಣಿಸುತ್ತದೆ. ವೈದ್ಯರು ಅದನ್ನು ಅಲ್ಲೇ, ಅದೇ ಕೊಳವೆಯ ಮೂಲಕ ಕತ್ತರಿಸಿ ತೆಗೆಯುತ್ತಾರೆ. ಹೊಟ್ಟೆ ಕೊಯ್ಯುವ ಅಗತ್ಯವೇ ಬರುವುದಿಲ್ಲ. ಕೆಲವು ದಿನಗಳ ಮೇಲೆ ಪೆಥಾಲಜಿ ವರದಿ ಬರುತ್ತದೆ. ಪಾಲಿಪ್‌ನಲ್ಲಿ ಕ್ಯಾನ್ಸರ್ ಇತ್ತು, ಅದು ಕರುಳಿನ ಒಳಪದರ ದಾಟಿ ಅದರ ಕೆಳಗಿನ ಪದರಕ್ಕೂ ಇಳಿದಿತ್ತು ಎಂದು ಅದರಲ್ಲಿ ಬರೆದಿರುತ್ತದೆ. ವೈದ್ಯರ ಭಾಷೆಯಲ್ಲಿ ಇದು ಟಿ1 ಹಂತ.

ಗಡ್ಡೆಯೇನೋ ಹೊರಗೆ ಬಂದಾಯಿತು. ಆದರೆ ಅದರಿಂದ ಒಂದಿಷ್ಟು ಜೀವಕೋಶಗಳು ಮೊದಲೇ ಕಳಚಿಕೊಂಡು ಪಕ್ಕದ ಲಿಂಫ್ ಗ್ರಂಥಿಗಳಿಗೆ ಹೋಗಿ ಕೂತಿದ್ದರೆ? ಅದನ್ನು ಖಚಿತವಾಗಿ ತಿಳಿಯಲು ಇವತ್ತಿಗೂ ಇರುವ ದಾರಿ ಒಂದೇ. ಆ ಭಾಗದ ಕರುಳನ್ನು ಗ್ರಂಥಿಗಳ ಸಮೇತ ಆಪರೇಷನ್ ಮಾಡಿ ತೆಗೆದು, ಒಂದೊಂದು ಗ್ರಂಥಿಯನ್ನೂ ಮೈಕ್ರೋಸ್ಕೋಪ್ ಕೆಳಗೆ ನೋಡಬೇಕು. ಹಾಗೆ ನೋಡಿದರೆ ಟಿ1 ಹಂತದ 100 ಜನರಲ್ಲಿ ಸುಮಾರು 10 ಜನರ ಗ್ರಂಥಿಗಳಲ್ಲಿ ಮಾತ್ರ ಕ್ಯಾನ್ಸರ್ ಸಿಗುತ್ತದೆ. ಉಳಿದವರಿಗೆ ಆ ಆಪರೇಷನ್ ಬೇಕಿರಲಿಲ್ಲ. ಗಡ್ಡೆ ಗುದನಾಳದ ತೀರಾ ಕೆಳಭಾಗದಲ್ಲಿದ್ದರೆ ಕೆಲವರು ಜೀವನಪೂರ್ತಿ ಹೊಟ್ಟೆಗೆ ಮಲ ಸಂಗ್ರಹವಾಗುವ ಸ್ಟೋಮಾ ಚೀಲ ಹಾಕಿಕೊಂಡೇ ಇರಬೇಕಾಗುತ್ತದೆ. ಮೂತ್ರದ ತೊಂದರೆ, ಲೈಂಗಿಕ ತೊಂದರೆ, ದಿನಕ್ಕೆ ಹತ್ತಾರು ಸಲ ಶೌಚಕ್ಕೆ ಓಡಬೇಕಾದ ಪಾಡು ಎಲ್ಲವೂ ಬರಬಹುದು. ಇಲ್ಲದ ರೋಗಕ್ಕಾಗಿ ಇಷ್ಟೆಲ್ಲ ಅನುಭವಿಸುವುದು ಸಣ್ಣ ಮಾತಲ್ಲ.

ರಕ್ತದಲ್ಲಿ ಸಿಗುವ ಪುಟ್ಟ ಆರ್‌ಎನ್‌ಎ ತುಣುಕುಗಳಿಂದ ಕ್ಯಾನ್ಸರ್ ಹರಡುವಿಕೆಯನ್ನು ತಿಳಿಯಬಹುದು ಎಂಬ ಸುದ್ದಿ ಕೆಲವು ವರ್ಷಗಳಿಂದ ಮತ್ತೆ ಮತ್ತೆ ಬರುತ್ತಿದೆ. ಆ ಸುದ್ದಿಯನ್ನು ಅಳೆಯಲು ನಾನು ಈ ಟಿ1 ರೋಗಿಯ ಪ್ರಶ್ನೆಯನ್ನೇ ಇಟ್ಟುಕೊಳ್ಳುತ್ತೇನೆ. ಯಾವ ಆರ್‌ಎನ್‌ಎ ಜಾಸ್ತಿಯಾಯಿತು, ಯಾವುದು ಕಡಿಮೆಯಾಯಿತು ಎಂಬ ಪಟ್ಟಿ ಈಗಾಗಲೇ ತುಂಬ ಉದ್ದವಿದೆ. ಅದರಿಂದ ಯಾವ ರೋಗಿಯ ಯಾವ ನಿರ್ಧಾರ ಬದಲಾಗುತ್ತದೆ ಎಂಬುದಕ್ಕೆ ಮಾತ್ರ ಉತ್ತರ ಕಡಿಮೆ.

ಹರಡುವಿಕೆ ಇಷ್ಟು ಮುಖ್ಯ ಯಾಕೆ ಎನ್ನುವುದನ್ನು ಅಂಕಿಗಳೇ ಹೇಳುತ್ತವೆ. 2022ರಲ್ಲಿ ಜಗತ್ತಿನಲ್ಲಿ 19 ಲಕ್ಷಕ್ಕೂ ಹೆಚ್ಚು ಜನರಿಗೆ ದೊಡ್ಡ ಕರುಳು ಅಥವಾ ಗುದನಾಳದ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಸುಮಾರು 9 ಲಕ್ಷ ಜನ ಸತ್ತರು. ಅಮೆರಿಕದ ದಾಖಲೆಗಳ ಪ್ರಕಾರ, ರೋಗ ಕರುಳಿನಲ್ಲೇ ಇರುವಾಗ ಪತ್ತೆಯಾದವರಲ್ಲಿ 100ಕ್ಕೆ ಸುಮಾರು 90 ಜನ ಐದು ವರ್ಷ ದಾಟುತ್ತಾರೆ. ಪಕ್ಕದ ಗ್ರಂಥಿಗಳಿಗೆ ಹೋಗಿದ್ದರೆ ಎಪ್ಪತ್ತು ಚಿಲ್ಲರೆ. ಲಿವರ್, ಶ್ವಾಸಕೋಶದಂಥ ದೂರದ ಅಂಗಕ್ಕೆ ಹೋಗಿದ್ದರೆ 15ರ ಆಸುಪಾಸು. ಕರುಳಿನ ರಕ್ತವೆಲ್ಲ ಪೋರ್ಟಲ್ ಎಂಬ ರಕ್ತನಾಳದ ಮೂಲಕ ನೇರವಾಗಿ ಲಿವರ್‌ಗೆ ಹೋಗುತ್ತದೆ. ಹಾಗಾಗಿ ಈ ಕ್ಯಾನ್ಸರ್ ದೂರ ಹೋದಾಗ ಹೆಚ್ಚಾಗಿ ಮೊದಲು ಸೇರುವುದು ಲಿವರ್ ಅನ್ನೇ. ಗುದನಾಳದ ಕೆಳಭಾಗದ ರಕ್ತ ಮಾತ್ರ ಬೇರೆ ದಾರಿ ಹಿಡಿಯುತ್ತದೆ. ಅಲ್ಲಿನ ಗಡ್ಡೆಗಳು ಶ್ವಾಸಕೋಶಕ್ಕೂ ಸೀದಾ ಹೋಗಬಲ್ಲವು.

ಈಗ ಆಸ್ಪತ್ರೆಗಳಲ್ಲಿ ರಕ್ತದಿಂದ ನೋಡುವುದು ಸಿಇಎ ಎಂಬ ಪ್ರೋಟೀನನ್ನು. 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಅದನ್ನು ಕಂಡುಹಿಡಿದರು. ಆಪರೇಷನ್ ಆದಮೇಲೆ ರೋಗ ಮರಳುತ್ತಿದೆಯಾ ಎಂದು ಗಮನಿಸುವುದಕ್ಕೆ ಅದು ಒಳ್ಳೆಯದೇ. ಆದರೆ ಸಿಗರೇಟು ಸೇದುವವರಲ್ಲೂ ಅದು ಏರುತ್ತದೆ. ಎಷ್ಟೋ ಕ್ಯಾನ್ಸರ್ ರೋಗಿಗಳಲ್ಲಿ ಏರುವುದೇ ಇಲ್ಲ. ಟಿ1 ರೋಗಿಯ ಪ್ರಶ್ನೆಗಂತೂ ಅದರಿಂದ ಉತ್ತರ ಸಿಗುವುದಿಲ್ಲ.

ಇನ್ನು ಪುಟ್ಟ ಆರ್‌ಎನ್‌ಎಗಳ ವಿಷಯ. ಡಿಎನ್‌ಎಯಲ್ಲಿರುವ ಮಾಹಿತಿ ಆರ್‌ಎನ್‌ಎ ಆಗಿ ನಕಲಾಗುತ್ತದೆ, ಅದರ ಆಧಾರದ ಮೇಲೆ ಪ್ರೋಟೀನ್ ತಯಾರಾಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ ಅಲ್ವಾ? ಎಲ್ಲ ಆರ್‌ಎನ್‌ಎಗಳೂ ಪ್ರೋಟೀನ್ ಮಾಡಿಸುವುದಿಲ್ಲ. ಕೆಲವು ತೀರಾ ಚಿಕ್ಕವು. ಅವುಗಳ ಕೆಲಸ ಬೇರೆ. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರ ತಂಡಗಳು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇಂಥ ಮೊದಲ ಆರ್‌ಎನ್‌ಎಯನ್ನು ವಿವರಿಸಿದವು. ಅದರ ಉದ್ದ ಬರೀ 22 ಅಕ್ಷರ. ಅದು ಇನ್ನೊಂದು ಜೀನ್‌ನ ಸಂದೇಶದ ಮೇಲೆ ಹೋಗಿ ಕೂತು, ಆ ಪ್ರೋಟೀನ್ ತಯಾರಾಗದಂತೆ ತಡೆಯುತ್ತಿತ್ತು. ಇದು ಹುಳುವಿನದ್ದೇ ಒಂದು ವಿಚಿತ್ರ ಇರಬೇಕು ಎಂದು ಅನೇಕರು ಸುಮ್ಮನಾದರು. 2000ನೇ ಇಸವಿಯಲ್ಲಿ ಲೆಟ್-7 ಎಂಬ ಎರಡನೆಯದು ಸಿಕ್ಕಿತು. ಅದು ಮನುಷ್ಯರಲ್ಲೂ ಇತ್ತು. ಆಮೇಲೆ ಈ ಕ್ಷೇತ್ರ ನಿಲ್ಲಲೇ ಇಲ್ಲ. ಇಬ್ಬರಿಗೂ 2024ರ ನೊಬೆಲ್ ವೈದ್ಯಕೀಯ ಪ್ರಶಸ್ತಿ ಬಂತು.

ಇವುಗಳಿಗೆ ಮೈಕ್ರೋ ಆರ್‌ಎನ್‌ಎ ಎಂದು ಹೆಸರು. ಮನುಷ್ಯರ ಪಟ್ಟಿಯಲ್ಲಿ 2,600ಕ್ಕೂ ಹೆಚ್ಚು ಹೆಸರುಗಳಿವೆ. ಕಟ್ಟುನಿಟ್ಟಾಗಿ ಪರೀಕ್ಷಿಸಿದರೆ ನಿಜವಾದ ಜೀನ್‌ಗಳು ಐನೂರು ಚಿಲ್ಲರೆಯಷ್ಟೇ ನಿಲ್ಲುತ್ತವೆ. ಈ ವ್ಯತ್ಯಾಸ ಮುಂದೆ ಕೆಲಸಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ. ಮೈಕ್ರೋ ಆರ್‌ಎನ್‌ಎಗಳ ಜೊತೆಗೆ ಪಿವಿ ಎಂಬ ಪ್ರೋಟೀನಿನ ಜತೆ ಇರುವ ಪಿ-ಆರ್‌ಎನ್‌ಎಗಳು, ಜೀವಕೋಶದ ಕೇಂದ್ರದಲ್ಲಿ ಕೆಲಸ ಮಾಡುವ ಸ್ನೋ-ಆರ್‌ಎನ್‌ಎಗಳು, ಟಿ-ಆರ್‌ಎನ್‌ಎಯಿಂದ ತುಂಡಾಗಿ ಬರುವ ಚೂರುಗಳು ಕೂಡ ಇವೆ. ಕರುಳಿನ ಕ್ಯಾನ್ಸರ್‌ಗೆ ಸಂಬಂಧಿಸಿ ಎಲ್ಲವನ್ನೂ ಹುಡುಕಿ ನೋಡಲಾಗಿದೆ.

ಕ್ಯಾನ್ಸರ್ ಹರಡುವುದರಲ್ಲಿ ಇವುಗಳ ಪಾತ್ರ ಏನು? ಹೆಚ್ಚು ಹೆಸರು ಮಾಡಿದ್ದು ಮಿರ್-21 (ಮಿರ್ ಅಂದರೆ ಮೈಕ್ರೋ ಆರ್‌ಎನ್‌ಎಯ ಚಿಕ್ಕ ರೂಪ). 2008ರಲ್ಲಿ ಜರ್ಮನಿಯ ಒಂದು ತಂಡ ಇದನ್ನು ಕರುಳಿನ ಕ್ಯಾನ್ಸರ್ ಜೀವಕೋಶಗಳಲ್ಲಿ ನೋಡಿತು. ಪಿಡಿಸಿಡಿ4 ಎಂಬ ಪ್ರೋಟೀನ್ ಗಡ್ಡೆಯನ್ನು ಹದ್ದುಬಸ್ತಿನಲ್ಲಿಡುತ್ತದೆ. ಮಿರ್-21 ಅದನ್ನು ತಗ್ಗಿಸುತ್ತದೆ. ಕೋಳಿಯ ಭ್ರೂಣದಲ್ಲಿ ಪ್ರಯೋಗ ಮಾಡಿದಾಗ, ಮಿರ್-21 ಜಾಸ್ತಿ ಇದ್ದ ಜೀವಕೋಶಗಳು ರಕ್ತನಾಳದೊಳಕ್ಕೆ ನುಗ್ಗಿ ದೂರ ಹೋಗುವುದು ಹೆಚ್ಚಾಗಿತ್ತು. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ತಂಡ ಮೇರಿಲ್ಯಾಂಡ್ ಮತ್ತು ಹಾಂಗ್‌ಕಾಂಗ್‌ನ ರೋಗಿಗಳ ಗಡ್ಡೆಗಳನ್ನು ಪರೀಕ್ಷಿಸಿತು. ಮಿರ್-21 ಜಾಸ್ತಿ ಇದ್ದವರು ಬದುಕಿದ ಅವಧಿ ಕಡಿಮೆ ಎಂದು ಎರಡೂ ಕಡೆ ಕಂಡುಬಂತು. ಎರಡು ದೂರದ ಊರುಗಳ ರೋಗಿಗಳಲ್ಲಿ ಒಂದೇ ಫಲಿತಾಂಶ ಬಂದದ್ದು ದೊಡ್ಡ ವಿಷಯವೇ.

ಆದರೆ ಮಿರ್-21 ಬೇರೆ ಎಷ್ಟೋ ಕ್ಯಾನ್ಸರ್‌ಗಳಲ್ಲೂ ಏರುತ್ತದೆ. ಉರಿಯೂತ ಇದ್ದರೂ ಏರುತ್ತದೆ. ಹೃದಯದ ತೊಂದರೆಯಲ್ಲೂ ಏರುತ್ತದೆ. ದೇಹದಲ್ಲಿ ಏನೋ ಸರಿಯಿಲ್ಲ ಎಂದು ಹೇಳುವ ಗುರುತು ಅದು. ಏನು ಸರಿಯಿಲ್ಲ ಎಂದು ಅದು ಹೇಳುವುದಿಲ್ಲ.

ಇದಕ್ಕಿಂತ ಕುತೂಹಲ ಹುಟ್ಟಿಸುವುದು ಮಿರ್-200 ಕುಟುಂಬ. ಕರುಳಿನ ಒಳಪದರದ ಜೀವಕೋಶಗಳು ಒಂದಕ್ಕೊಂದು ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ಗಡ್ಡೆಯಿಂದ ಕಳಚಿಕೊಂಡು ಹೋಗಬೇಕಾದರೆ ಆ ಅಂಟು ಬಿಡಬೇಕು, ಓಡಾಡುವ ಗುಣ ಬರಬೇಕು. ಝೆಬ್1, ಝೆಬ್2 ಎಂಬ ಎರಡು ಪ್ರೋಟೀನ್‌ಗಳು ಈ ಬದಲಾವಣೆ ಮಾಡಿಸುತ್ತವೆ. ಮಿರ್-200 ಅವೆರಡನ್ನೂ ತಡೆಯುತ್ತದೆ. ಅಂದರೆ ಮಿರ್-200 ಕಡಿಮೆಯಾದರೆ ಜೀವಕೋಶ ಕಳಚಿಕೊಳ್ಳುವುದು ಸುಲಭ. ಇದು 2008ರ ಹೊತ್ತಿಗೆ ಹಲವು ಪ್ರಯೋಗಾಲಯಗಳಲ್ಲಿ ಒಟ್ಟಿಗೇ ಸ್ಪಷ್ಟವಾಯಿತು.

ಹಾಗಾದರೆ ಲಿವರ್‌ಗೆ ಹರಡಿದ ಗಡ್ಡೆಯಲ್ಲಿ ಮಿರ್-200 ಕಡಿಮೆ ಇರಬೇಕು ಅಲ್ವಾ? ಅಮೆರಿಕದ ಸಂಶೋಧಕ ಅಜಯ್ ಗೋಯಲ್ ಅವರ ತಂಡ ರೋಗಿಗಳ ಮೂಲ ಗಡ್ಡೆಯನ್ನೂ ಲಿವರ್‌ನ ಗಡ್ಡೆಯನ್ನೂ ಹೋಲಿಸಿ 2013ರಲ್ಲಿ ಪ್ರಕಟಿಸಿದಾಗ ಕಂಡದ್ದು ಬೇರೆ. ಲಿವರ್‌ನ ಗಡ್ಡೆಯಲ್ಲಿ ಮಿರ್-200ಸಿ ಹೆಚ್ಚಾಗಿತ್ತು! ಮರುವರ್ಷ, ಹರಡಿದ ರೋಗ ಇರುವವರ ರಕ್ತದಲ್ಲೂ ಅದು ಹೆಚ್ಚು ಎಂದು ತೋರಿಸಿದರು. ಮೊದಲ ನೋಟಕ್ಕೆ ಇದು ಉಲ್ಟಾ ಕಾಣುತ್ತದೆ. ವಿವರಣೆ ಹೀಗಿದೆ: ಹೊರಡುವಾಗ ಜೀವಕೋಶಕ್ಕೆ ಅಂಟು ಬಿಡಬೇಕು. ಹೊಸ ಜಾಗದಲ್ಲಿ ನೆಲೆಸಿ ಗಡ್ಡೆಯಾಗಿ ಬೆಳೆಯಲು ಮತ್ತೆ ಅಂಟು ಬೇಕು. ಹೊರಡುವಾಗ ಇಳಿದ ಮಿರ್-200ಸಿ ನೆಲೆಸುವಾಗ ಮತ್ತೆ ಏರುತ್ತದೆ.

ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ತಿಳಿದುಕೊಳ್ಳಲೇಬೇಕಾದ ಸಂಗತಿ ಇದು. ಒಂದು ಆರ್‌ಎನ್‌ಎ 'ಜಾಸ್ತಿ ಇದೆ' ಅಥವಾ 'ಕಡಿಮೆ ಇದೆ' ಎಂಬ ಮಾತಿಗೆ ತನ್ನಷ್ಟಕ್ಕೆ ಅರ್ಥ ಇಲ್ಲ. ಎಲ್ಲಿಂದ ತೆಗೆದ ಮಾದರಿ, ರೋಗದ ಯಾವ ಘಟ್ಟದಲ್ಲಿ ತೆಗೆದದ್ದು ಎಂದು ಕೇಳದೆ ಆ ಸಂಖ್ಯೆಯನ್ನು ಓದಲು ಆಗುವುದಿಲ್ಲ.

ಹರಡುವುದು ಅಂದರೆ ಜೀವಕೋಶ ಹೊರಡುವುದಷ್ಟೇ ಅಲ್ಲ, ತಲುಪುವ ಜಾಗವೂ ಒಗ್ಗಬೇಕು. 1889ರಲ್ಲಿ ಲಂಡನ್ನಿನ ಸರ್ಜನ್ ಸ್ಟೀಫನ್ ಪ್ಯಾಜೆಟ್ ಇದನ್ನು ಬೀಜ ಮತ್ತು ಮಣ್ಣು ಎಂದು ಹೇಳಿದ್ದರು. ಬೀಜ ಎಲ್ಲ ಕಡೆ ಹಾರಿದರೂ ಹದವಾದ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ. ಕರುಳಿನ ಗಡ್ಡೆಗಳು ಈ ಮಣ್ಣನ್ನೂ ತಾವೇ ಹದ ಮಾಡುತ್ತವೆ ಎಂದು 2018ರ ಒಂದು ಚೀನೀ ಅಧ್ಯಯನ ಇಲಿಗಳಲ್ಲಿ ತೋರಿಸಿತು. ಗಡ್ಡೆ ಹೊರಬಿಡುವ ಅತಿ ಚಿಕ್ಕ ಚೀಲಗಳಲ್ಲಿ, ಅಂದರೆ ಎಕ್ಸೋಸೋಮ್‌ಗಳಲ್ಲಿ, ಮಿರ್-25-3ಪಿ ಇರುತ್ತದೆ. ಅದು ದೂರದ ಅಂಗದ ರಕ್ತನಾಳಗಳ ಗೋಡೆಯನ್ನು ಸಡಿಲ ಮಾಡಿ, ಹೊಸ ರಕ್ತನಾಳಗಳನ್ನು ಹುಟ್ಟಿಸುತ್ತದೆ. ಕ್ಯಾನ್ಸರ್ ಜೀವಕೋಶ ಬರುವ ಮೊದಲೇ ಅದು ನೆಲೆಸಲು ಜಾಗ ತಯಾರಾಗಿರುತ್ತದೆ. 2019ರಲ್ಲಿ ಇನ್ನೊಂದು ತಂಡ ಟಿ-ಆರ್‌ಎನ್‌ಎ ಚೂರುಗಳ ಬಗ್ಗೆ ಬರೆಯಿತು. ಆಂಜಿಯೋಜೆನಿನ್ ಎಂಬ ಕಿಣ್ವ ಟಿ-ಆರ್‌ಎನ್‌ಎಯನ್ನು ಕತ್ತರಿಸಿದಾಗ ಬರುವ ಒಂದು ಚೂರು, ರೋಗ ಹರಡಿದ ರೋಗಿಗಳಲ್ಲಿ ಹೆಚ್ಚಿತ್ತು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಜೀವಶಾಸ್ತ್ರ. ಅದು ಗಟ್ಟಿಯಾಗಿಯೇ ಇದೆ. ತೊಡಕು ಶುರುವಾಗುವುದು ಅದನ್ನು ರಕ್ತಪರೀಕ್ಷೆಯಾಗಿ ಮಾಡಹೊರಟಾಗ.

ಆಸೆ ಹುಟ್ಟಿಸಿದ ಪ್ರಯೋಗ 2008ರದು. ಸಿಯಾಟಲ್‌ನ ಮುನೀಶ್ ತೆವಾರಿ ಅವರ ತಂಡ ರಕ್ತದ ಪ್ಲಾಸ್ಮಾವನ್ನು, ಅಂದರೆ ಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ದ್ರವವನ್ನು, 24 ಗಂಟೆ ಸುಮ್ನೆ ಹೊರಗಿಟ್ಟಿತು. ಹಲವು ಸಲ ಮಂಜಿನಂತೆ ಹೆಪ್ಪುಗಟ್ಟಿಸಿ ಕರಗಿಸಿತು. ಮೈಕ್ರೋ ಆರ್‌ಎನ್‌ಎಗಳು ಹಾಗೇ ಉಳಿದವು. ಸಾಮಾನ್ಯವಾಗಿ ಆರ್‌ಎನ್‌ಎ ರಕ್ತಕ್ಕೆ ಬಿದ್ದರೆ ಬೇಗ ಹಾಳಾಗುತ್ತದೆ. ಇವು ಹಾಳಾಗದಿರಲು ಕಾರಣವಿದೆ. ಕೆಲವು ಎಕ್ಸೋಸೋಮ್‌ಗಳ ಒಳಗಿರುತ್ತವೆ. ಹೆಚ್ಚಿನವು ಆರ್ಗೊನಾಟ್-2 ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತವೆ ಎಂದು ಅದೇ ತಂಡ 2011ರಲ್ಲಿ ತೋರಿಸಿತು. ಕೆಡದ ವಸ್ತು, ಸುಲಭವಾಗಿ ಸಿಗುವ ರಕ್ತ, ಆರ್‌ಎನ್‌ಎ ಅಳೆಯಲು ಪ್ರತಿ ಲ್ಯಾಬ್‌ನಲ್ಲೂ ಇರುವ ಪಿಸಿಆರ್ ಯಂತ್ರ. ಇನ್ನೇನು ಬೇಕು ಎಂದು ನೂರಾರು ತಂಡಗಳು ಕೆಲಸಕ್ಕಿಳಿದವು.

ಎಚ್ಚರಿಸಿದ್ದೂ ತೆವಾರಿ ಅವರ ತಂಡವೇ. 2012ರಲ್ಲಿ ಅವರು ಕ್ಯಾನ್ಸರ್ ಗುರುತುಗಳೆಂದು ಆಗಲೇ ಪ್ರಕಟವಾಗಿದ್ದ 79 ಮೈಕ್ರೋ ಆರ್‌ಎನ್‌ಎಗಳನ್ನು ತೆಗೆದುಕೊಂಡು ನೋಡಿದರು. ಅವುಗಳಲ್ಲಿ 46, ಅಂದರೆ ಶೇ 58ರಷ್ಟು, ರಕ್ತಕಣಗಳಲ್ಲೇ ಹೇರಳವಾಗಿದ್ದವು. ಬಿಳಿ ಕಣಗಳ ಸಂಖ್ಯೆ ಸ್ವಲ್ಪ ಬದಲಾದರೂ ಸಾಕು, ಈ ಮಟ್ಟಗಳೂ ಬದಲಾಗುತ್ತವೆ. ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದರೆ ಕೆಲವು ಆರ್‌ಎನ್‌ಎಗಳ ಮಟ್ಟ 50 ಪಟ್ಟು ತನಕ ಏರುಪೇರಾಗುತ್ತದೆ. ತೆಳು ಸೂಜಿ, ಸಿಗದ ನರ, ಟ್ಯೂಬನ್ನು ಜೋರಾಗಿ ಅಲ್ಲಾಡಿಸುವುದು. ಇಷ್ಟರಿಂದಲೇ ಆರೋಗ್ಯವಂತರ ವರದಿ ರೋಗಿಯ ವರದಿಯಂತೆ ಕಾಣಬಹುದು.

ಇನ್ನೂ ಇದೆ. ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ತಮ್ಮೊಳಗಿನ ಆರ್‌ಎನ್‌ಎಯನ್ನು ಹೊರಬಿಡುತ್ತವೆ. ಹಾಗಾಗಿ ಒಬ್ಬನದೇ ರಕ್ತದಲ್ಲಿ ಸೀರಮ್‌ನ (ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವದ) ಫಲಿತಾಂಶ ಬೇರೆ, ಪ್ಲಾಸ್ಮಾದ್ದು ಬೇರೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಟ್ಯೂಬಿನಲ್ಲಿ ತೆಗೆದರೆ ಪಿಸಿಆರ್ ಸರಿಯಾಗಿ ನಡೆಯುವುದೇ ಇಲ್ಲ. ಹೋಲಿಕೆಗೆ ಒಂದು ಸ್ಥಿರವಾದ ಆರ್‌ಎನ್‌ಎ ಬೇಕು ಅಲ್ವಾ? ತುಂಬ ಜನ ಮಿರ್-16 ಅನ್ನು ಬಳಸಿದರು. ಅದು ಕೆಂಪು ಕಣಗಳಲ್ಲಿ ತುಂಬಿಕೊಂಡಿರುತ್ತದೆ. ಕಣಗಳು ಒಡೆದರೆ ಅಳತೆಗೋಲೇ ಉದ್ದವಾದಂತೆ. ಒಂದು ಒಳ್ಳೆಯ ಉಪಾಯವೂ ಬಂತು. ಆಂಬ್ರೋಸ್, ರವ್ಕುನ್ ಅಧ್ಯಯನ ಮಾಡಿದ ಅದೇ ಹುಳುವಿನ ಮಿರ್-39, ಮನುಷ್ಯರಲ್ಲಿ ಇಲ್ಲ. ಅದನ್ನು ಗೊತ್ತಿರುವ ಪ್ರಮಾಣದಲ್ಲಿ ಮಾದರಿಗೆ ಸೇರಿಸಿ, ಕೊನೆಗೆ ಎಷ್ಟು ಸಿಕ್ಕಿತು ಎಂದು ನೋಡುತ್ತಾರೆ. ಲ್ಯಾಬ್‌ನಲ್ಲಿ ಆದ ನಷ್ಟ ಇದರಿಂದ ತಿಳಿಯುತ್ತದೆ. ರಕ್ತ ತೆಗೆಯುವಾಗ ಆದ ಎಡವಟ್ಟು ಇದರಿಂದಲೂ ತಿಳಿಯುವುದಿಲ್ಲ.

ಗಡ್ಡೆಯ ತುಣುಕನ್ನೇ ಪರೀಕ್ಷಿಸಿದರೂ ದಾರಿ ತಪ್ಪಬಹುದು. ಕರುಳಿನ ಕ್ಯಾನ್ಸರ್ ಮತ್ತು ಮೈಕ್ರೋ ಆರ್‌ಎನ್‌ಎ ಸಂಬಂಧದ ಮೊದಲ ವರದಿಗಳಲ್ಲಿ ಒಂದು 2003ರಲ್ಲಿ ಆಸ್ಟ್ರೇಲಿಯಾದಿಂದ ಬಂದದ್ದು. ಗಡ್ಡೆಯಲ್ಲಿ ಮಿರ್-143, ಮಿರ್-145 ಕಡಿಮೆ ಎಂದು ಅದು ಹೇಳಿತು. ಅಳತೆ ಸರಿಯಾಗಿಯೇ ಇತ್ತು. ಮುಂದಿನ ಹತ್ತು ವರ್ಷ ಇವೆರಡೂ ಕ್ಯಾನ್ಸರ್ ತಡೆಯುವ ಆರ್‌ಎನ್‌ಎಗಳು ಎಂದು ಬರೆದ ಲೇಖನಗಳಿಗೆ ಲೆಕ್ಕವಿಲ್ಲ. 2014ರ ಹೊತ್ತಿಗೆ ಇಲಿಗಳ ಮೇಲೆ ಎಚ್ಚರಿಕೆಯಿಂದ ಮಾಡಿದ ಕೆಲಸದಿಂದ ಬೇರೆ ಚಿತ್ರ ಬಂತು. ಇವು ಕರುಳಿನ ಒಳಪದರದ ಜೀವಕೋಶಗಳಲ್ಲಿ ಇರುವುದೇ ಇಲ್ಲವೆನ್ನಬಹುದು. ಇರುವುದು ಕರುಳಿನ ಸ್ನಾಯು ಮತ್ತು ಅದರ ಸುತ್ತಲಿನ ಆಧಾರ ಅಂಗಾಂಶದಲ್ಲಿ. ಗಡ್ಡೆಯಲ್ಲಿ ಒಳಪದರದ ಜೀವಕೋಶಗಳೇ ತುಂಬಿಕೊಂಡು, ಸ್ನಾಯುವಿನ ಪಾಲು ಕಡಿಮೆಯಾಗುತ್ತದೆ. ಆರ್‌ಎನ್‌ಎ ಕಡಿಮೆ ಕಂಡದ್ದು ಅದಕ್ಕೇ.

ಪಿ-ಆರ್‌ಎನ್‌ಎಯ ವಿಷಯದಲ್ಲಿ ಇನ್ನೂ ಮೂಲಭೂತವಾದ ಗೊಂದಲ ಆಯಿತು. 2018ರಲ್ಲಿ ಚೀನಾದ ತಂಡವೊಂದು ಪಿಆರ್-54265 ಎಂಬುದು ಕರುಳಿನ ಕ್ಯಾನ್ಸರ್ ಬೆಳೆಯಲು, ಹರಡಲು ಸಹಾಯ ಮಾಡುತ್ತದೆ ಎಂದಿತು. 2020ರಲ್ಲಿ ಅದನ್ನೇ ರಕ್ತದಲ್ಲಿ ಅಳೆದು, ರೋಗ ಪತ್ತೆಗೆ ಹೊಸ ಗುರುತು ಎಂದು ಪ್ರಕಟಿಸಿತು. 2021ರಲ್ಲಿ ಉರುಗ್ವೆಯ ಹುವಾನ್ ಪಾಬ್ಲೊ ತೋಸಾರ್ ಮತ್ತು ಸಂಗಡಿಗರು ಆ ಅಕ್ಷರಗಳ ಸಾಲನ್ನು ಹಿಡಿದು ಹುಡುಕಿದರು. ಅದು ಸ್ನೋರ್ಡ್57 ಎಂಬ ಸ್ನೋ-ಆರ್‌ಎನ್‌ಎಯ ಭಾಗವಾಗಿತ್ತು. ಪಿಸಿಆರ್ ಅಳೆಯುತ್ತಿದ್ದದ್ದು ಆ ಸ್ನೋ-ಆರ್‌ಎನ್‌ಎಯನ್ನೇ ಎಂದು ಅವರು ವಾದಿಸಿದರು. ನಿಜವಾದ ಪಿ-ಆರ್‌ಎನ್‌ಎಯ ಒಂದು ತುದಿಯಲ್ಲಿ ವಿಶೇಷ ರಾಸಾಯನಿಕ ಗುರುತು ಇರುತ್ತದೆ. ಅದನ್ನು ಪರೀಕ್ಷಿಸುವ ವಿಧಾನವೂ ಇದೆ. ಹೆಚ್ಚಿನ ಅಧ್ಯಯನಗಳು ಆ ಗೋಜಿಗೆ ಹೋಗುವುದಿಲ್ಲ. ಹಾಗಂತ ರೋಗಿಗಳ ರಕ್ತದಲ್ಲಿ ಕಂಡ ಏರಿಕೆ ಸುಳ್ಳೇನಲ್ಲ. ಸ್ನೋರ್ಡ್57 ಒಳ್ಳೆಯ ಗುರುತು ಆಗಬಹುದು ಎಂದೇ ತೋಸಾರ್ ಹೇಳಿದ್ದು. ಆದರೆ ಅಳೆಯುತ್ತಿರುವುದು ಏನನ್ನು ಎಂದೇ ಖಾತ್ರಿಯಿಲ್ಲದಿದ್ದರೆ ಇನ್ನೊಂದು ಲ್ಯಾಬ್ ಅದನ್ನು ಮರಳಿ ಮಾಡುವುದು ಹೇಗೆ? ಹೆಸರುಗಳ ಪಟ್ಟಿಗೂ ನಿಜವಾದ ಜೀನ್‌ಗಳಿಗೂ ಅಷ್ಟು ಅಂತರ ಇದೆ ಎಂದು ಮೇಲೆ ಹೇಳಿದ್ದು ಇದಕ್ಕೇ.

ಇಷ್ಟೆಲ್ಲ ತೊಡಕುಗಳ ನಡುವೆಯೂ ನನಗೆ ಭರವಸೆ ಕಾಣುವ ಒಂದು ಜಾಗವಿದೆ. ಅದೇ ಟಿ1 ರೋಗಿಯ ಪ್ರಶ್ನೆ.

ಈಗ ಆ ನಿರ್ಧಾರ ಆಗುವುದು ಹೀಗೆ. ತೆಗೆದ ಪಾಲಿಪ್‌ನಲ್ಲಿ ಕ್ಯಾನ್ಸರ್ ಎಷ್ಟು ಆಳ ಇಳಿದಿದೆ, ಲಿಂಫ್ ಅಥವಾ ರಕ್ತದ ನಾಳಗಳೊಳಗೆ ಹೊಕ್ಕಿದೆಯಾ, ಜೀವಕೋಶಗಳು ಎಷ್ಟು ಕೆಟ್ಟ ರೂಪದವು, ಗಡ್ಡೆಯ ಅಂಚಿನಲ್ಲಿ ಸಣ್ಣ ಸಣ್ಣ ಗುಂಪುಗಳಾಗಿ ಕಳಚಿಕೊಳ್ಳುತ್ತಿವೆಯಾ ಎಂದು ಪೆಥಾಲಜಿಸ್ಟ್ ನೋಡುತ್ತಾರೆ. ಜಪಾನಿನ ನಿಯಮದಲ್ಲಿ ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ಆಳ ಇಳಿದಿದ್ದರೆ ಅಪಾಯ ಎಂದು ಲೆಕ್ಕ. ಇವುಗಳಲ್ಲಿ ಒಂದು ಇದ್ದರೂ ಆಪರೇಷನ್ ಸಲಹೆ ಬರುತ್ತದೆ. ಯಾರೂ ತಪ್ಪಿಹೋಗಬಾರದು ಎಂಬ ಕಾಳಜಿಯಿಂದ ಮಾಡಿದ ನಿಯಮ ಇದು. ಅದರ ಬೆಲೆಯನ್ನು ಗ್ರಂಥಿಗಳು ಸ್ವಚ್ಛವಾಗಿದ್ದ ರೋಗಿಗಳು ತೆರುತ್ತಾರೆ.

2018ರಲ್ಲಿ ಗೋಯಲ್ ಅವರ ತಂಡ ಟಿ1 ಗಡ್ಡೆಗಳಲ್ಲಿ ಐದು ಮೈಕ್ರೋ ಆರ್‌ಎನ್‌ಎಗಳನ್ನು ಒಟ್ಟಿಗೆ ಅಳೆದು, ಗ್ರಂಥಿಗೆ ಹರಡಿದೆಯೇ ಎಂದು ಊಹಿಸುವ ವಿಧಾನ ಪ್ರಕಟಿಸಿತು. ಮಿರ್-32, 181ಬಿ, 193ಬಿ, 195 ಮತ್ತು 411. ಒಂದೇ ಆರ್‌ಎನ್‌ಎಯ ಮೇಲೆ ಭಾರ ಹಾಕದೆ ಹಲವನ್ನು ಸೇರಿಸಿದ್ದು ಒಳ್ಳೆಯದಾಯಿತು. 2021ರಲ್ಲಿ ಅದನ್ನು ರಕ್ತಕ್ಕೆ ತಂದರು. ನಾಲ್ಕು ಮೈಕ್ರೋ ಆರ್‌ಎನ್‌ಎ, ಜೊತೆಗೆ ಪ್ರೋಟೀನ್ ಮಾಡಿಸುವ ಐದು ಸಾಮಾನ್ಯ ಆರ್‌ಎನ್‌ಎ. ಅಪಾಯ ಹೆಚ್ಚು ಎಂದು ಗುರುತಿಸಿದ್ದ ಟಿ1 ರೋಗಿಗಳಿಂದ ತೆಗೆದ 330 ಮಾದರಿಗಳನ್ನು ಬಳಸಿದರು. ಪೆಥಾಲಜಿ ಲಕ್ಷಣಗಳನ್ನಷ್ಟೇ ನಂಬಿದರೆ ಅನಗತ್ಯ ಚಿಕಿತ್ಸೆಯ ಪಾಲು ಶೇ 92. ರಕ್ತಪರೀಕ್ಷೆಯನ್ನೂ ಸೇರಿಸಿದ ಲೆಕ್ಕದಲ್ಲಿ ಅದು ಶೇ 18ಕ್ಕೆ ಇಳಿಯಿತು.

ಈ ಅಧ್ಯಯನ ನನಗೆ ಇಷ್ಟವಾಗುವುದು ಸಂಖ್ಯೆ ದೊಡ್ಡದಿದೆ ಎಂದಲ್ಲ. ಅದು ಇಟ್ಟುಕೊಂಡ ಪ್ರಶ್ನೆ ಕಿರಿದು, ಉತ್ತರವನ್ನು ಪರೀಕ್ಷಿಸಲು ಸಾಧ್ಯ. ಆಪರೇಷನ್ ಆದ ರೋಗಿಗಳ ಗ್ರಂಥಿಗಳಲ್ಲಿ ಏನಿತ್ತು ಎಂದು ಮೈಕ್ರೋಸ್ಕೋಪ್ ಆಗಲೇ ಹೇಳಿದೆ. ರಕ್ತ ಹೇಳಿದ್ದನ್ನು ಅದರ ಪಕ್ಕದಲ್ಲಿಟ್ಟು ನೋಡಬಹುದು.

ಒಂದು ಲೆಕ್ಕ ಹಾಕೋಣ. ಒಂದು ಪರೀಕ್ಷೆ ಹರಡಿದವರಲ್ಲಿ 100ಕ್ಕೆ 90 ಜನರನ್ನು ಹಿಡಿಯುತ್ತದೆ, ಹರಡದವರಲ್ಲಿ 100ಕ್ಕೆ 80 ಜನರಿಗೆ ಸರಿಯಾಗಿ 'ಇಲ್ಲ' ಅನ್ನುತ್ತದೆ ಎಂದಿಟ್ಟುಕೊಳ್ಳಿ. 100 ಟಿ1 ರೋಗಿಗಳಲ್ಲಿ 10 ಜನರಿಗೆ ಹರಡಿದೆ. ಅವರಲ್ಲಿ 9 ಜನರನ್ನು ಅದು ಹಿಡಿಯುತ್ತದೆ. ಉಳಿದ 90ರಲ್ಲಿ 18 ಜನರಿಗೆ ತಪ್ಪಾಗಿ 'ಹೌದು' ಅನ್ನುತ್ತದೆ. ಆಪರೇಷನ್ ಆಗುವವರು 27. ಅದರಿಂದ ಪಾರಾಗುವವರು 73. ತುಂಬ ದೊಡ್ಡ ಲಾಭ. ಆದರೆ ಆ 73ರಲ್ಲಿ ಒಬ್ಬರ ಗ್ರಂಥಿಯಲ್ಲಿ ಕ್ಯಾನ್ಸರ್ ಉಳಿದಿದೆ. ವಾಸಿಯಾಗಬಹುದಾಗಿದ್ದ ರೋಗ ಅವರಲ್ಲಿ ಮರಳಿ ಬರಬಹುದು. 72 ಜನರ ಕರುಳು ಉಳಿಸಲು ಆ ಒಬ್ಬರ ಅಪಾಯವನ್ನು ಒಪ್ಪಬಹುದೇ? ಇದಕ್ಕೆ ಯಂತ್ರ ಉತ್ತರ ಹೇಳುವುದಿಲ್ಲ. 80 ವರ್ಷದ ಹೃದ್ರೋಗಿಯ ಉತ್ತರವೇ ಬೇರೆ, 40 ವರ್ಷದ ಗಟ್ಟಿಮುಟ್ಟಾದವರ ಉತ್ತರವೇ ಬೇರೆ.

ಈ ಕೆಲಸದ ಮಿತಿಯೂ ಕಣ್ಣೆದುರೇ ಇದೆ. ಮಾದರಿಗಳು ಮೊದಲೇ ಸಂಗ್ರಹಿಸಿಟ್ಟವು. ಹೆಚ್ಚಿನವು ಜಪಾನಿನ ಆಸ್ಪತ್ರೆಗಳವು. ಫಲಿತಾಂಶ ನೋಡಿ ನಿಜವಾಗಿ ಯಾರ ಆಪರೇಷನ್ನನ್ನೂ ಕೈಬಿಟ್ಟಿಲ್ಲ. ಹಾಗೆ ಮಾಡಿ ನೋಡಿದ ಅಧ್ಯಯನ ಹೇಗಿರುತ್ತದೆ ಎಂಬುದಕ್ಕೆ ಪಕ್ಕದ ಕ್ಷೇತ್ರದಲ್ಲೇ ಉದಾಹರಣೆ ಇದೆ. ಆಸ್ಟ್ರೇಲಿಯಾದಲ್ಲಿ ಎರಡನೇ ಹಂತದ (ಕರುಳಿನ ಗೋಡೆಯಲ್ಲಿ ಆಳಕ್ಕೆ ಇಳಿದರೂ ಗ್ರಂಥಿಗಳಿಗೆ ಹರಡದ) 455 ರೋಗಿಗಳ ಮೇಲೆ ನಡೆದ ಡೈನಾಮಿಕ್ ಪ್ರಯೋಗ, 2022ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಕೀಮೊ ಕೊಡಬೇಕೇ ಎಂದು ಮಾಮೂಲಿ ರೀತಿಯಲ್ಲಿ ನಿರ್ಧರಿಸಿದರು. ಇನ್ನೊಂದು ಗುಂಪಿಗೆ, ಆಪರೇಷನ್ ಆದಮೇಲೂ ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಉಳಿದಿದೆಯಾ ಎಂದು ನೋಡಿ ನಿರ್ಧರಿಸಿದರು. ಮೊದಲ ಗುಂಪಿನಲ್ಲಿ ಶೇ 28 ಜನರಿಗೆ ಕೀಮೊ ಸಿಕ್ಕಿತು. ಎರಡನೆಯದರಲ್ಲಿ ಶೇ 15 ಜನರಿಗೆ. ಎರಡು ವರ್ಷದ ಹೊತ್ತಿಗೆ ರೋಗ ಮರಳದೆ ಉಳಿದವರು ಎರಡೂ ಕಡೆ ಶೇ 92-93ರಷ್ಟೇ. ಪುಟ್ಟ ಆರ್‌ಎನ್‌ಎಗಳ ಬಗ್ಗೆ ಸಾವಿರಾರು ಲೇಖನಗಳು ಬಂದಿವೆ. ಅವುಗಳಿಗೆ ಬೇಕಿರುವುದು ಇಂಥದ್ದೊಂದು ಪ್ರಯೋಗ.

ಡಿಎನ್‌ಎ ಪರೀಕ್ಷೆಗೂ ಕುರುಡು ಜಾಗಗಳಿವೆ. ಹೊಟ್ಟೆಯ ಒಳಪೊರೆಗೆ, ಅಂದರೆ ಪೆರಿಟೋನಿಯಮ್‌ಗೆ ಹರಡಿದ ರೋಗ ರಕ್ತಕ್ಕೆ ಕಡಿಮೆ ಡಿಎನ್‌ಎ ಬಿಡುತ್ತದೆ. ಅಲ್ಲಿನ ಸಣ್ಣ ಸಣ್ಣ ಗಂಟುಗಳು ಸಿಟಿ ಸ್ಕ್ಯಾನ್‌ಗೂ ಕಾಣುವುದಿಲ್ಲ. ಪುಟ್ಟ ಆರ್‌ಎನ್‌ಎಗಳು ಅಲ್ಲಿ ಉಪಯೋಗಕ್ಕೆ ಬಂದರೆ ಅದು ನಮ್ಮ ದೇಶಕ್ಕೆ ನೇರವಾಗಿ ತಟ್ಟುವ ವಿಷಯ.

ಯಾಕೆಂದರೆ ಭಾರತದ ಕರುಳಿನ ಕ್ಯಾನ್ಸರ್ ಜಪಾನಿನಂತಿಲ್ಲ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ ತನ್ನ 800 ಹೊಸ ರೋಗಿಗಳ ವಿವರವನ್ನು 2017ರಲ್ಲಿ ಪ್ರಕಟಿಸಿತು. ಅವರ ಸರಾಸರಿ ವಯಸ್ಸು ಬರೀ 47. ಲಕ್ಷಣ ಶುರುವಾಗಿ ಆಸ್ಪತ್ರೆಗೆ ಬರುವಷ್ಟರಲ್ಲಿ ಸರಾಸರಿ ನಾಲ್ಕು ತಿಂಗಳು ಕಳೆದಿತ್ತು. ಶೇ 28 ಜನರಿಗೆ ಆಗಲೇ ದೂರದ ಅಂಗಗಳಿಗೆ ಹರಡಿತ್ತು. ಸಿಗ್ನೆಟ್ ರಿಂಗ್ ಎಂಬ ಕೆಟ್ಟ ನಮೂನೆಯ ಗಡ್ಡೆ ಶೇ 13 ಜನರಲ್ಲಿತ್ತು. ಪಾಶ್ಚಾತ್ಯ ದೇಶಗಳಲ್ಲಿ ಅದು ಅಪರೂಪ. ಈ ನಮೂನೆಯ ಗಡ್ಡೆ ಪೆರಿಟೋನಿಯಮ್‌ಗೆ ಹೋಗುವುದೂ ಹೆಚ್ಚು. ಅರ್ಧಕ್ಕಿಂತ ಜಾಸ್ತಿ ರೋಗಿಗಳ ಮುಖ್ಯ ಲಕ್ಷಣ ಮಲದಲ್ಲಿ ರಕ್ತ. ನಮ್ಮಲ್ಲಿ ಮಲದಲ್ಲಿ ರಕ್ತ ಕಂಡರೆ ಮೊದಲು ಬಾಯಿಗೆ ಬರುವ ಮಾತು ಪೈಲ್ಸ್. ಯಾರಿಗೂ ಹೇಳಿಕೊಳ್ಳಲು ನಾಚಿಕೆ. ಮುಲಾಮು, ಪಥ್ಯ, ಗೊತ್ತಿದ್ದವರು ಹೇಳಿದ ಔಷಧಿ ಅನ್ನುತ್ತ ತಿಂಗಳುಗಳು ಹೋಗುತ್ತವೆ. ವಯಸ್ಸು ಚಿಕ್ಕದಿದ್ದರೆ ವೈದ್ಯರೂ ಎಷ್ಟೋ ಸಲ ಕೊಲೊನೋಸ್ಕೋಪಿ ತನಕ ಯೋಚಿಸುವುದಿಲ್ಲ.

ಜಪಾನಿನಲ್ಲಿ 1992ರಿಂದಲೂ 40 ದಾಟಿದವರಿಗೆ ಮಲದಲ್ಲಿ ಕಾಣದ ರಕ್ತ ಪತ್ತೆಹಚ್ಚುವ ವಾರ್ಷಿಕ ಪರೀಕ್ಷೆ ಇದೆ. ಅಲ್ಲಿ ಟಿ1 ಗಡ್ಡೆಗಳು ಅಷ್ಟೊಂದು ಸಿಗುವುದೇ ಅದರಿಂದ. ನಮ್ಮ ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗಳಿವೆ, ಕರುಳಿನದಿಲ್ಲ. ಕರುಳಿನ ಕ್ಯಾನ್ಸರ್ ನಮ್ಮಲ್ಲಿ ಜನಸಂಖ್ಯೆಗೆ ಹೋಲಿಸಿದರೆ ಕಡಿಮೆ ಇರುವುದರಿಂದ ಎಲ್ಲರಿಗೂ ತಪಾಸಣೆ ಮಾಡುವುದು ಸುಲಭವೂ ಅಲ್ಲ. ಹಾಗಾಗಿ ಟಿ1 ಹಂತದಲ್ಲೇ ಸಿಗುವವರು ಇಲ್ಲಿ ವಿರಳ. ಜಪಾನಿನ ರಕ್ತಪರೀಕ್ಷೆಯನ್ನು ಹಾಗೇ ತಂದು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಮಾಡಿದರೆ, ಅದು ಉತ್ತರಿಸುವ ಪ್ರಶ್ನೆ ಹೆಚ್ಚಿನ ರೋಗಿಗಳದ್ದು ಆಗಿರುವುದೇ ಇಲ್ಲ. ನಮ್ಮ ಪ್ರಶ್ನೆಗಳು ಬೇರೆ. ಆಪರೇಷನ್‌ಗೆ ಮೊದಲು ಪೆರಿಟೋನಿಯಮ್‌ನಲ್ಲಿ ರೋಗ ಅಡಗಿದೆಯಾ? ಎರಡನೇ ಹಂತದ ಯುವ ರೋಗಿಗೆ ಕೀಮೊ ಬೇಕಾ? ಸಿಗ್ನೆಟ್ ರಿಂಗ್ ಗಡ್ಡೆಯಲ್ಲಿ ಮಿರ್-200 ಅದೇ ರೀತಿ ನಡೆದುಕೊಳ್ಳುತ್ತದೆಯಾ? ಇವನ್ನು ಇಲ್ಲಿನ ರೋಗಿಗಳಲ್ಲೇ ಕೇಳಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1980ರ ದಶಕದಿಂದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಯಾರಿಗೆ ಏನಾಯಿತು ಎಂಬ ದಾಖಲೆಯ ಜೊತೆ, ಒಂದೇ ವಿಧಾನದಲ್ಲಿ ತೆಗೆದ, ಒಂದೇ ವಿಧಾನದಲ್ಲಿ ಇಟ್ಟ ರಕ್ತ ಮತ್ತು ಗಡ್ಡೆಯ ಮಾದರಿಗಳೂ ಸೇರಿದರೆ ಕೆಲಸ ಸಾಧ್ಯ. ಅದಕ್ಕೆ ಮೊದಲು ಬೇಕಿರುವುದು ದುಬಾರಿ ಯಂತ್ರವಲ್ಲ. ಯಾವ ಟ್ಯೂಬು, ಎಷ್ಟು ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸಬೇಕು, ಕೆಂಪು ಕಣ ಒಡೆದಿದೆಯೇ ಎಂದು ಹೇಗೆ ನೋಡಬೇಕು ಎಂಬುದನ್ನು ಎಲ್ಲ ಆಸ್ಪತ್ರೆಗಳೂ ಒಪ್ಪಿ ಬರೆದಿಟ್ಟ ಒಂದು ಹಾಳೆ.

ಮೈಕ್ರೋ ಆರ್‌ಎನ್‌ಎ ಆಧರಿಸಿದ ಕ್ಯಾನ್ಸರ್ ಪರೀಕ್ಷೆ ಎಂದು ಯಾರಾದರೂ ಹಣ ಕೇಳಿದರೆ, ಅದು ಯಾವ ಹಂತದ ರೋಗಿಗಳಲ್ಲಿ ಪರೀಕ್ಷಿತವಾಗಿದೆ, ಫಲಿತಾಂಶ ಬಂದಮೇಲೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂದು ನಿಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಿ. ಕರುಳಿನ ಕ್ಯಾನ್ಸರ್ ಹರಡಿದೆಯೇ ಎಂಬ ನಿರ್ಧಾರ ಈಗಲೂ ಆಗುವುದು ಸಿಟಿ ಸ್ಕ್ಯಾನ್, ಗುದನಾಳಕ್ಕಾದರೆ ಎಂಆರ್‌ಐ, ಸಿಇಎ ಮತ್ತು ಪೆಥಾಲಜಿ ವರದಿಯ ಮೇಲೆಯೇ. ಆಪರೇಷನ್ ಆಗಿದ್ದರೆ ಎಷ್ಟು ಲಿಂಫ್ ಗ್ರಂಥಿಗಳನ್ನು ನೋಡಿದ್ದಾರೆ ಎಂದು ಆ ವರದಿಯಲ್ಲಿ ಬರೆದಿರುತ್ತದೆ. ಕನಿಷ್ಠ 12 ಇರಬೇಕು ಎಂಬುದು ನಿಯಮ. ಕಡಿಮೆ ಇದ್ದರೆ, ಹರಡಿಲ್ಲ ಎಂಬ ಮಾತನ್ನು ಅಷ್ಟು ಖಚಿತವಾಗಿ ನಂಬುವಂತಿಲ್ಲ. ಆ ಸಂಖ್ಯೆಯನ್ನು ನೋಡಲು ಹೊಸ ಪರೀಕ್ಷೆ ಏನೂ ಬೇಕಿಲ್ಲ.